ಟೋಪಿ ತೆಗೆದು ನಿಂತವರು

ಮಂಗಳವಾರ ಬೆಳಿಗ್ಗೆ ಕಸದ ಲಾರಿ ನಮ್ಮ ಬೀದಿ ಬಿಟ್ಟ ಐದು ನಿಮಿಷಕ್ಕೆ ಪಕ್ಕದ ಮನೆಯ ವರ್ನ್ ಹೊರಗೆ ಬರುತ್ತಿದ್ದರು. ಆರಡಿ ಮೀರಿದ ಆಳು, ಎಪ್ಪತ್ತೆಂಟು ವರ್ಷ, ತಲೆಯ ಮೇಲೆ ಅಗಲ ಅಂಚಿನ ಹುಲ್ಲಿನ ಟೋಪಿ, ಪ್ಯಾಂಟು ಜಾರದಂತೆ ಹೆಗಲ ಮೇಲೆ ಎರಡು ಪಟ್ಟಿ. ಅಮೆರಿಕದ ಬಾಥೆಲ್ ಎಂಬ ಊರಿನಲ್ಲಿರುವ ನಮ್ಮ ಬೀದಿ ಮುಂದಕ್ಕೆ ದಾರಿಯಿಲ್ಲದೆ ಗುಂಡಗೆ ಮುಗಿದುಹೋಗುತ್ತದೆ. ಒಂಬತ್ತು ಮನೆ, ಮನೆಗೆ ಮೂರರಂತೆ ಇಪ್ಪತ್ತೇಳು ಕಸದ ಡಬ್ಬ. ಗಾಲಿಯಿರುವ, ಎದೆಯೆತ್ತರದ ಆ ಇಪ್ಪತ್ತೇಳನ್ನೂ ಅವರು ಒಂದೊಂದಾಗಿ ಎಳೆದುಕೊಂಡು ಹೋಗಿ ಅವರವರ ಗ್ಯಾರೇಜಿನ ಪಕ್ಕದಲ್ಲಿ ನಿಲ್ಲಿಸುತ್ತಿದ್ದರು, ಹಿಡಿಕೆ ಮನೆಯ ಕಡೆಗೆ. ಮಾಡಿ ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದು ಹೇಳಿದವರಿದ್ದರು, ಅವರಲ್ಲಿ ನಾನೂ ಒಬ್ಬಳು.

ಯಾರಾದರೂ ಸಹಾಯಕ್ಕೆ ಬಂದರೆ ನನಗೆ ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತದೆ. ಮೈಸೂರಿನ ನಮ್ಮಮ್ಮನೂ ಹೀಗೆಯೇ. ತರಕಾರಿ ಚೀಲ ಹಿಡಿದುಕೊಳ್ಳಲು ಕೈಚಾಚಿದವರನ್ನು ಕಳ್ಳರನ್ನು ನೋಡಿದ ಹಾಗೆ ನೋಡುತ್ತಿದ್ದಳು. ಹಾಗಾಗಿ ಹನ್ನೆರಡು ವರ್ಷದ ಹಿಂದೆ ನಾವು ಈ ಮನೆಗೆ ಬಂದ ದಿನ, ಗುರುತು ಪರಿಚಯವಿಲ್ಲದ ಹಿರಿಯರೊಬ್ಬರು ಲಾರಿಯಿಂದ ನಮ್ಮ ಪೆಟ್ಟಿಗೆ ಇಳಿಸಿಕೊಂಡು ಸೀದಾ ನನ್ನ ಅಡುಗೆಮನೆಗೆ ನಡೆದಾಗ ನನಗೆ ಸಿಟ್ಟೇ ಬಂತು. ಅದರಲ್ಲಿ ಇಡ್ಲಿಹಿಟ್ಟು ರುಬ್ಬುವ ಗ್ರೈಂಡರಿನ ಕಲ್ಲುಗಳಿದ್ದವು. ಪೆಟ್ಟಿಗೆ ಕೆಳಗಿಟ್ಟು ಸೊಂಟ ಹಿಡಿದುಕೊಂಡರು.

"ಏನಿದೆ ಇದರಲ್ಲಿ, ಬಂಡೆ ತುಂಬಿದೀರಾ?"

"ಹೌದು, ಬಂಡೇನೇ," ಅಂದೆ.

ಬಿಚ್ಚಿ ತೋರಿಸಿದ ಮೇಲೆ ಅವರು ಕಲ್ಲನ್ನೊಮ್ಮೆ ಸವರಿ ನೋಡಿದರು. "ನಮ್ಮ ಹಿರಿಯರು ಕೈಗಾಡಿ ಎಳ್ಕೊಂಡು ಈ ದೇಶ ದಾಟಿದೋರು. ಒಬ್ಬೊಬ್ಬರಿಗೆ ಒಂದು ಸಣ್ಣ ಗಂಟು ಅಷ್ಟೇ. ನೀವು ಅವರ ಜೊತೆ ಬಂದಿದ್ರೆ ಇದನ್ನ ಮೊದಲನೇ ದಿನಾನೇ ಬಿಸಾಕಿಸಿರೋರು."

"ಹಾಗಾದ್ರೆ ಅವರಿಗೆ ಇಡ್ಲಿ ಸಿಗ್ತಿರಲಿಲ್ಲ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಆ ನಗು ಕೇಳಿ ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇಳಿಯಲು ಒಂದು ವರ್ಷ ಹಿಡಿಯಿತು. ಅಂದಹಾಗೆ, ಅವರು ಮಾತಾಡಿದ್ದೆಲ್ಲ ಇಂಗ್ಲಿಷ್. ಆದರೆ ನನ್ನ ನೆನಪಿನಲ್ಲಿ ಅದು ಯಾವಾಗಲೋ ನಮ್ಮನೆಯ ಕನ್ನಡಕ್ಕೆ ತಿರುಗಿಬಿಟ್ಟಿದೆ, ಹಾಗೆಯೇ ಬರೆಯುತ್ತಿದ್ದೇನೆ.

ಅವರ ಹೆಂಡತಿ ಲಾರೇ ಗಂಡನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ನಲವತ್ತು ವರ್ಷ ಎರಡನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಿದ್ದ ಟೀಚರು. ಮಾತು ಕಡಿಮೆ, ಆಡಿದ್ದು ಮಾತ್ರ ತಟ್ಟನೆ ನಾಟುತ್ತಿತ್ತು. ಇಬ್ಬರೂ ಕ್ರೈಸ್ತರಲ್ಲಿ ಮಾರ್ಮನ್ ಪಂಥದವರು. ಕಾಫಿ ಟೀ ಮುಟ್ಟುವುದಿಲ್ಲ. ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವುದು ಹೇಗೆಂದು ನಾನು ಒದ್ದಾಡಿ, ಕೊನೆಗೆ ಕೊತ್ತಂಬರಿ ಬೀಜ, ಜೀರಿಗೆ, ಶುಂಠಿ ಹುರಿದು ಪುಡಿ ಮಾಡಿ, ಬೆಲ್ಲ ಹಾಲು ಹಾಕಿ ಕಷಾಯ ಕಾಯಿಸಿಕೊಟ್ಟೆ. ಲಾರೇ ಲೋಟ ಖಾಲಿ ಮಾಡಿ, "ಇದರಲ್ಲಿ ನಾವು ಕುಡೀಬಾರದ್ದು ಏನೂ ಇಲ್ಲ ತಾನೆ? ಇಷ್ಟು ರುಚಿ ಇದ್ರೆ ಅನುಮಾನ ಬರುತ್ತೆ," ಅಂದರು. ಆಮೇಲೆ ಪುಡಿಯ ಡಬ್ಬಿ ಅವರ ಮನೆಗೂ ನಮ್ಮ ಮನೆಗೂ ಓಡಾಡತೊಡಗಿತು.

ನಾವು ಬಂದ ಹೊಸತರಲ್ಲಿ ಅವರು ತಮ್ಮ ಧರ್ಮಗ್ರಂಥದ ಒಂದು ಪ್ರತಿ ಕೊಟ್ಟಿದ್ದರು. ನನ್ನ ಗಂಡ ರಾಘು ಹುಬ್ಬಳ್ಳಿಯವನು, ಪುಸ್ತಕ ಓದುವುದಕ್ಕಿಂತ ಅದಕ್ಕೆ ಮರ್ಯಾದೆ ಕೊಡುವುದರಲ್ಲಿ ಮುಂದು. ಆ ವರ್ಷ ನವರಾತ್ರಿಗೆ ನಾನು ಗೊಂಬೆ ಕೂರಿಸಿ ಇಬ್ಬರನ್ನೂ ಕರೆದಿದ್ದೆ. ಅವರು ಬಂದದ್ದು ಸರಸ್ವತಿ ಪೂಜೆಯ ದಿನ. ನೋಡಿದರೆ ನನ್ನ ಆಫೀಸಿನ ಲ್ಯಾಪ್‌ಟಾಪು, ಪಂಚಾಂಗ, ರಾಘುವಿನ ಹಳೆಯ ಇಂಜಿನಿಯರಿಂಗ್ ಪುಸ್ತಕಗಳ ರಾಶಿಯ ತುದಿಯಲ್ಲಿ ಅವರ ಗ್ರಂಥ ಕೂತಿದೆ. ಮೇಲೆ ಅರಿಶಿನ, ಕುಂಕುಮ, ಒಂದು ಸೇವಂತಿಗೆ ಹೂವು. ಅವರ ಪುಸ್ತಕಕ್ಕೆ ಕುಂಕುಮ ಹಚ್ಚಿದ್ದು ತಪ್ಪಾಯಿತೋ ಏನೋ.

ವರ್ನ್ ಮೆಲ್ಲಗೆ ಕೇಳಿದರು, "ಓದಿದ್ರಾ?"

"ಇವತ್ತು ಓದೂ ಹಂಗಿಲ್ರೀ, ಪೂಜಾಕ್ಕ ಇಟ್ಟೇವಿ," ಎಂದ ರಾಘು, ಬಲು ಗಂಭೀರವಾಗಿ. "ನಾಳೆ ತಗೀತೇನಿ."

ಲಾರೇ ಆ ಹೂವನ್ನೇ ನೋಡುತ್ತಿದ್ದರು. "ನಲವತ್ತು ವರ್ಷದಿಂದ ಈ ಪುಸ್ತಕ ಜನಕ್ಕೆ ಕೊಡ್ತಾ ಇದೀವಿ. ಓದಿದೋರು ಇದಾರೆ, ವಾಪಸ್ ಕೊಟ್ಟೋರು ಇದಾರೆ. ಹೂವು ಮುಡಿಸಿದೋರು ನೀವೇ ಮೊದಲು," ಅಂದರು. ಆವತ್ತಿನಿಂದ ಅವರು ನಮ್ಮನ್ನು ಮತಕ್ಕೆ ಕರೆಯಲಿಲ್ಲ, ನಾವು ಅವರನ್ನು ಊಟಕ್ಕೆ ಕರೆಯುವುದನ್ನು ಬಿಡಲಿಲ್ಲ.

ವರ್ನ್ ಕೈ ಮಾತ್ರ ಸುಮ್ಮನಿರಲಿಲ್ಲ. ಅಂಗಡಿಯಿಂದ ಬಂದು ಕಾರಿನ ಡಿಕ್ಕಿ ತೆಗೆದರೆ ಸಾಕು, ಎಲ್ಲಿದ್ದರೋ, ಅಕ್ಕಿ ಮೂಟೆ ಅವರ ಹೆಗಲೇರಿರುತ್ತಿತ್ತು. ನಾನು "ಬಿಡಿ, ಬಿಡಿ, ನಾನೇ ತಗೋತೀನಿ" ಎಂದು ಕನ್ನಡದಲ್ಲಿಯೇ ಕೂಗುತ್ತ ಹಿಂದೆ ಓಡುತ್ತಿದ್ದೆ. ಅವಸರದಲ್ಲಿ ಇಂಗ್ಲಿಷ್ ಬಾಯಿಗೆ ಬರುವುದಿಲ್ಲ. "ಟೊಪ್ಪಿಗಿ ಅಜ್ಜಾರ ಕೈಗೆ ಸುಮ್ನ ಕುಂದ್ರಾಕ ಬರೂದಿಲ್ಲ ನೋಡು," ಎಂದು ರಾಘು ನಗುತ್ತಿದ್ದ. ಒಂದು ದಿನ ಲಾರೇ ನನ್ನನ್ನು ಬೇಲಿಯ ಬಳಿ ಕರೆದು ನನ್ನ ಆ "ಬಿಡಿ" ಎಂಬ ಮಾತಿನ ಅರ್ಥ ಕೇಳಿದರು. ಕೈಬಿಡಿ, ನನ್ನ ಪಾಡಿಗೆ ನನ್ನನ್ನು ಬಿಡಿ, ಮರ್ಯಾದೆಯಿಂದಲೇ ಹೇಳುತ್ತಿದ್ದೇನೆ ಎಂದು ಅರ್ಥ ಅಂದೆ. "ಮದುವೆಯಾಗಿ ಐವತ್ತೆರಡು ವರ್ಷದಿಂದ ಈ ಮಾತು ಹುಡುಕ್ತಿದ್ದೆ," ಎಂದು ಎರಡು ಮೂರು ಸಲ ಹೇಳಿ ಬಾಯಿಪಾಠ ಮಾಡಿಕೊಂಡರು.

ಆ ಮಾತು ಅವರಿಗೆ ಯಾಕೆ ಅಷ್ಟು ಬೇಕಾಗಿತ್ತು ಎಂದು ತಿಳಿದದ್ದು ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ. ಬಿಳಿ ಅಂಗಿ, ಟೈ ಕಟ್ಟಿಕೊಂಡು ಮತಪ್ರಚಾರಕ್ಕೆ ಬಾಗಿಲು ತಟ್ಟುವ ಮಾರ್ಮನ್ ಹುಡುಗರನ್ನು ಇಲ್ಲಿ ಎಲ್ಲರೂ ನೋಡಿರುತ್ತಾರೆ. ಅವರಲ್ಲಿ ನಿವೃತ್ತರಾದ ಗಂಡ ಹೆಂಡತಿಯೂ ಹೀಗೆ ಸೇವೆಗೆ ಹೋಗುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅದರ ಹಿಂದಿನ ಬೇಸಿಗೆಯಲ್ಲಿ ವರ್ನ್, ಲಾರೇ ಮೊದಲ ಸಲ ಹೋಗಿ ಬಂದದ್ದು ವಯೋಮಿಂಗ್ ರಾಜ್ಯಕ್ಕೆ. ನೂರೆಪ್ಪತ್ತು ವರ್ಷದ ಹಿಂದೆ, ಎತ್ತು ಕುದುರೆಗೆ ಗತಿಯಿಲ್ಲದ ಅವರ ಪಂಥದ ಜನ ಯುರೋಪಿನಿಂದ ಬಂದಿಳಿದು, ಎರಡು ಗಾಲಿಯ ಕೈಗಾಡಿಗೆ ಸಾಮಾನು ಹೇರಿ, ತಾವೇ ಎಳೆಯುತ್ತ ಯೂಟಾದವರೆಗೆ ನಡೆದ ದಾರಿ ಅಲ್ಲಿ ಹಾದುಹೋಗುತ್ತದೆ. ಈಗ ಆ ಪಂಥದ ಸಂಸಾರಗಳು ಬೇಸಿಗೆಯಲ್ಲಿ ಬಂದು, ಅಂಥದೇ ಗಾಡಿಯನ್ನು ಒಂದೆರಡು ದಿನ ಎಳೆದು ನೋಡುತ್ತವೆ. ಅವರಿಗೆ ದಾರಿ ತೋರಿಸುವುದು, ಕತೆ ಹೇಳುವುದು, ಗಾಡಿ ರಿಪೇರಿ ಮಾಡುವುದು ಈ ಹಿರಿಯ ದಂಪತಿಗಳ ಕೆಲಸ. ಆರು ತಿಂಗಳು ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್‌ ಮನೆಯಲ್ಲಿ ವಾಸ. ಎತ್ತುವುದು, ತಳ್ಳುವುದು, ಹೊರುವುದು ಬಿಟ್ಟರೆ ಬೇರೇನೂ ಇಲ್ಲದ ಆ ಜಾಗ ವರ್ನ್‌ಗೆ ಸ್ವರ್ಗವೇ ಆಗಿತ್ತು. ಒಂದು ದಿಬ್ಬವನ್ನು ಬಿಟ್ಟು.

ಆ ದಿಬ್ಬದ ಬುಡದಲ್ಲಿ ಗಂಡಸರನ್ನೆಲ್ಲ ಗಾಡಿಯಿಂದ ಬಿಡಿಸಿ ಮುಂದೆ ಕಳಿಸುತ್ತಾರೆ. ದಾರಿಯಲ್ಲಿ ಗಂಡ ಸತ್ತು, ಮಕ್ಕಳನ್ನು ಕಟ್ಟಿಕೊಂಡು ಒಬ್ಬೊಬ್ಬರೇ ಗಾಡಿ ಎಳೆದ ಹೆಂಗಸರ ನೆನಪಿಗೆ, ಅಲ್ಲಿಂದ ಮೇಲಕ್ಕೆ ಹೆಂಗಸರೇ ಎಳೆಯಬೇಕು. ಗಂಡಸರು ದಾರಿಯ ಎರಡೂ ಬದಿಗೆ ಸಾಲಾಗಿ, ಟೋಪಿ ತೆಗೆದು, ಮಾತಿಲ್ಲದೆ ನಿಲ್ಲಬೇಕು. ಏನೇ ಆದರೂ ಕೈ ಹಾಕಕೂಡದು. ಲಾರೇ ಅವರ ಅಜ್ಜಿಯ ಅಜ್ಜಿ, ಮಾರೆನ್ ಅನ್ನುವ ಡೆನ್ಮಾರ್ಕಿನ ಹೆಂಗಸು, ಗಂಡನನ್ನು ನದಿಯ ದಡದಲ್ಲಿ ಮಣ್ಣು ಮಾಡಿ ಎರಡು ಮಕ್ಕಳೊಂದಿಗೆ ಅದೇ ದಾರಿಯಲ್ಲಿ ಹೋದವಳು. ಒಂದೇ ಒಂದು ಸಲ ಆ ದಿಬ್ಬಕ್ಕೆ ಗಾಡಿಯನ್ನು ತಮ್ಮ ಕೈಯಿಂದ ಹತ್ತಿಸಬೇಕೆಂದು ಲಾರೇ ಅಲ್ಲಿಗೆ ಹೋಗಿದ್ದರು. ಹೋದ ಮೊದಲ ವರ್ಷ ಎರಡು ಸಲ ಎಳೆಯಲು ನಿಂತರು. ಮೊದಲ ಸಲ ವರ್ನ್ ಅರ್ಧ ದಾರಿಯಲ್ಲಿ ಹಿಂದಿನಿಂದ ನುಗ್ಗಿ ತಳ್ಳಿಬಿಟ್ಟರು. ಎರಡನೇ ಸಲ ಗಾಲಿಗೆ ಎಣ್ಣೆ ಹಾಕಬೇಕು ಎಂಬ ನೆವ ಹೇಳಿಕೊಂಡು ಬಂದು ಗಾಡಿಯನ್ನೇ ಎತ್ತಿ ಮೇಲಿಟ್ಟರು. ಅಲ್ಲಿನ ಮುಖ್ಯಸ್ಥರು ಕರೆದು, "ನಿಮ್ಮ ಜಾಗ ಸಾಲಿನಲ್ಲಿ" ಎಂದು ಹೇಳಿದ್ದೂ ಆಯಿತು.

"ಮುಂದಿನ ವರ್ಷ ಕೊನೇ ಸಲ," ಎಂದರು ಲಾರೇ, ನನ್ನ ಅಡುಗೆಮನೆಯಲ್ಲಿ ಕಷಾಯ ಹಿಡಿದು. "ಮಂಡಿ ಆಪರೇಷನ್ ಮಾಡಿಸಲೇಬೇಕು ಅಂದಿದಾರೆ ಡಾಕ್ಟರು. ಆಮೇಲೆ ಯಾರೂ ಗಾಡಿ ಮುಟ್ಟೋಕೆ ಬಿಡಲ್ಲ. ಇವರು ಕೆಟ್ಟೋರಾಗಿದ್ರೆ ಜಗಳ ಆಡಬಹುದಿತ್ತು."

ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. ನನ್ನ ಚೀಲ ಕಿತ್ತುಕೊಂಡಾಗ ನನಗಾಗುವ ಸಂಕಟ ಇವರಿಗೆ ಐವತ್ತೆರಡು ವರ್ಷದ್ದು ಎಂದು ಹೊಳೆಯಿತು. "ವರ್ನ್‌ಗೆ ಟ್ರೇನಿಂಗ್ ಕೊಡೋಣ," ಅಂದೆ.

ಹಾಗೆ ಶುರುವಾಯಿತು ನಮ್ಮ ಮಂಗಳವಾರದ ಕವಾಯತು. ಲಾರೇ ತಮ್ಮ ಮನೆಯ ಮೂರು ಡಬ್ಬವನ್ನು ರಸ್ತೆಯಿಂದ ಗ್ಯಾರೇಜಿಗೆ ತಾವೇ ಎಳೆಯಬೇಕು. ವರ್ನ್ ಪಕ್ಕದ ಹುಲ್ಲಿನ ಮೇಲೆ ಟೋಪಿ ತೆಗೆದು ನಿಲ್ಲಬೇಕು. ನಾನು ಅಂಪೈರು, ಆಫೀಸಿನ ಬೆಳಗಿನ ಮೀಟಿಂಗನ್ನು ಕಿವಿಯಲ್ಲಿ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದೆ. ವರ್ನ್ ನಗುನಗುತ್ತಲೇ ಒಪ್ಪಿದ್ದರು. ಮೊದಲ ವಾರ ಲಾರೇ ಅಂಚೆಪೆಟ್ಟಿಗೆ ದಾಟುವಷ್ಟರಲ್ಲಿ ಡಬ್ಬ ವರ್ನ್ ಕೈಯಲ್ಲಿತ್ತು. ಹೇಗೆ ಬಂತೆಂದು ಅವರಿಗೂ ಗೊತ್ತಿಲ್ಲ. "ಬಿಡಿ," ಎಂದರು ಲಾರೇ, ಎರಡನೇ ಕ್ಲಾಸಿನ ದನಿಯಲ್ಲಿ. ಮೂರನೇ ವಾರ ಮಳೆ. ಡಬ್ಬ ಜಾರಿತು, ಇವರು ಹಾರಿದರು. ಮತ್ತೆ "ಬಿಡಿ."

ರಾಘುವಿಗೆ ಇದು ಸರಿಬರಲಿಲ್ಲ. "ಏನ ಹುಚ್ಚರಾಟ ಹಚ್ಚೀರಿ? ವಯಸ್ಸಾದ ಹೆಣಮಗಳು ಡಬ್ಬಿ ಎಳೀವಾಗ ಗಂಡಸ ಹೆಂಗ ಸುಮ್ನ ನಿಂದ್ರಬೇಕು?"

"ಅದಕ್ಕೇ ಕಷ್ಟ," ಎಂದರು ವರ್ನ್. ಅವರ ಮುಖದಲ್ಲಿ ಆಗ ನಗುವಿರಲಿಲ್ಲ. "ನಾನು ಚಿಕ್ಕವನಿದ್ದಾಗ ನಮ್ಮಪ್ಪ ಏನೂ ಎತ್ತುತ್ತಿರಲಿಲ್ಲ. ಎಲ್ಲ ನಮ್ಮಮ್ಮಾನೇ. ಹಾಗೆ ಆಗಬಾರದು ಅಂತ ಶುರು ಮಾಡಿದ್ದು ನಾನು. ಈಗ ನಿಲ್ಲಿಸೋಕೆ ಬರ್ತಿಲ್ಲ."

ಮಾರ್ಚ್ ಕೊನೆಯ ಹೊತ್ತಿಗೆ ಮೂರು ಡಬ್ಬ ಮುಗಿಯುವವರೆಗೂ ನಿಲ್ಲುವುದು ಅವರಿಗೆ ಬಂತು. ಹುಲ್ಲಿನ ಟೋಪಿಯ ಅಂಚು ಮಾತ್ರ ಹಿಚುಕಿ ಹಿಚುಕಿ ನಾರುನಾರಾಗಿತ್ತು. ಏಪ್ರಿಲ್‌ನಲ್ಲಿ ಇಬ್ಬರೂ ಟ್ರೇಲರ್‌ ಕಟ್ಟಿಕೊಂಡು ಹೊರಟರು.

ಬೇಸಿಗೆಯೆಲ್ಲ ಲಾರೇ ಅವರಿಂದ ಸೋಮವಾರಕ್ಕೊಂದು ಮೆಸೇಜು ಬರುತ್ತಿತ್ತು. ಜೂನ್‌ನಲ್ಲಿ ಮಂಡಿ ಊದಿಕೊಂಡು ಅವರನ್ನು ಒಳಗಿನ ಕೆಲಸಕ್ಕೆ ಹಾಕಿದರು. ಜುಲೈಯಲ್ಲೂ ಆಗಲಿಲ್ಲ. ಆಗಸ್ಟಿನಲ್ಲಿ ಬರೆದರು: "ಸೆಪ್ಟೆಂಬರ್‌ ಮೊದಲ ವಾರ ಕೊನೆಯ ತಂಡ ಬರುತ್ತೆ. ಅದರಲ್ಲಿ ಎಳೀತೀನಿ. ನೊಗಕ್ಕೆ ಇನ್ನೊಂದು ಜೊತೆ ಕೈ ಬೇಕು, ಬರ್ತೀಯಾ?" ರಾಘು ಎರಡು ದಿನ ಡ್ರೈವ್ ಮಾಡಿದ. ಉದ್ದಕ್ಕೂ, "ನನಗೂ ಟೊಪ್ಪಿಗಿ ತಗಸಿ ನಿಂದ್ರಸ್ತಾರೇನು?" ಎಂಬ ಒಂದೇ ಚಿಂತೆ ಅವನಿಗೆ.

ನಿಲ್ಲಿಸಿದರು. ಬೋಳು ಬಯಲು, ಬೂದಿ ಬಣ್ಣದ ಕುರುಚಲು ಗಿಡ, ಕಿವಿ ಹಾರಿಹೋಗುವಂಥ ಗಾಳಿ. ನನ್ನ ಚೂಡಿದಾರದ ಮೇಲೆ ಲಾರೇ ತಮ್ಮದೊಂದು ಉದ್ದ ಲಂಗ ಕಟ್ಟಿದರು, ತಲೆಗೆ ಬಟ್ಟೆಯ ಟೊಪ್ಪಿ. ಕನ್ನಡಿ ಇರಲಿಲ್ಲ, ಪುಣ್ಯ. ಗಾಡಿಯಲ್ಲಿ ಹಿಟ್ಟಿನ ಮೂಟೆ, ನೀರಿನ ಕ್ಯಾನು. ಮುಂದಿನ ಅಡ್ಡಮರಕ್ಕೆ ಲಾರೇ ಮತ್ತು ನಾನು, ಹಿಂದೆ ತಳ್ಳಲು ಐಡಾಹೋದಿಂದ ಬಂದ ಇಬ್ಬರು ಹೆಂಗಸರು. ದಿಬ್ಬದ ಎರಡೂ ಬದಿಗೆ ಗಂಡಸರ ಸಾಲು. ಸಾಲಿನ ನಡುವೆ ವರ್ನ್, ಪಕ್ಕದಲ್ಲಿ ರಾಘು.

ಹೊರಟ ಇಪ್ಪತ್ತು ಹೆಜ್ಜೆಗೇ ನನ್ನ ಉಸಿರು ಸಿಕ್ಕಿಕೊಂಡಿತು. ಇಷ್ಟು ಹೊತ್ತಿಗೆ ಯಾರಾದರೂ ಬಂದು ಹಿಡಿಯಬಾರದೇ ಎಂದು ನನಗೇ ಅನ್ನಿಸಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಅರ್ಧ ದಿಬ್ಬದಲ್ಲಿ ಮರಳು ಬಂತು. ಬಲಗಾಲಿ ಹೂತಿತು. ಲಾರೇ ಮುಂದಕ್ಕೆ ಬಾಗಿ ಜಗ್ಗಿದರು, ಮಂಡಿ ಮಡಿಚಿಕೊಂಡಿತು, ಅಡ್ಡಮರ ಹಿಡಿದುಕೊಂಡೇ ನೆಲಕ್ಕೆ ಕುಸಿದರು.

ಸರಿಯಾಗಿ ವರ್ನ್ ನಿಂತ ಜಾಗದಲ್ಲಿಯೇ. ಮೂರು ಹೆಜ್ಜೆ ದೂರ. ಅವರ ಎಡಗಾಲು ಮೇಲೆದ್ದಿದ್ದನ್ನು ನಾನು ಕಂಡೆ. ಹೋಯಿತು, ಈ ವರ್ಷವೂ ಹೋಯಿತು ಅಂದುಕೊಂಡೆ. ಲಾರೇ ಗಂಡನ ಕಡೆ ನೋಡಲೇ ಇಲ್ಲ. ಮರಳನ್ನೇ ನೋಡುತ್ತ ಉಸಿರು ಬಿಡುತ್ತಿದ್ದರು. ಆಗ ಗಾಳಿಯ ನಡುವೆ ಒಂದು ಮಾತು ಕೇಳಿಸಿತು. "ಬಿಡಿ. ಬಿಡಿ. ಬಿಡಿ." ವರ್ನ್ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಕಣ್ಣೀರು ಗದ್ದದಿಂದ ಇಳಿಯುತ್ತಿತ್ತು, ಟೋಪಿ ಎರಡೂ ಕೈಯಲ್ಲಿ ಮುದ್ದೆಯಾಗಿತ್ತು. ಎತ್ತಿದ ಕಾಲನ್ನು ಎತ್ತಿದಲ್ಲೇ ಇಳಿಸಿದರು.

ಲಾರೇ ಎದ್ದರು. "ಒಂದು, ಎರಡು," ಎಂದರು. ಮೂರು ಎನ್ನುವಷ್ಟರಲ್ಲಿ ಗಾಲಿ ಮರಳಿನಿಂದ ಹೊರಬಂದಿತ್ತು. ಅಲ್ಲಿಂದ ಮೇಲಕ್ಕೆ ಹೇಗೆ ಹೋದೆವೋ ನನಗೆ ನೆನಪಿಲ್ಲ. ತುದಿಯಲ್ಲಿ ಅಡ್ಡಮರ ಇಳಿಸಿ, ಲಾರೇ ಆ ಬಯಲನ್ನೊಮ್ಮೆ ನೋಡಿದರು. ಕೆಂಪಗೆ ತರಚಿದ್ದ ಅಂಗೈಯನ್ನು ನನಗೆ ತೋರಿಸಿದರು, ಬಹುಮಾನ ಬಂದ ಹುಡುಗಿಯ ಹಾಗೆ. ಆಮೇಲೆ ಕೆಳಗೆ ತಿರುಗಿ ಗಂಡನಿಗೆ ಹೇಳಿದರು, "ಈಗ ಬಾ."

ವರ್ನ್ ಓಡಿಬಂದದ್ದನ್ನು ನೋಡಬೇಕಿತ್ತು. ಹೆಂಡತಿಯನ್ನು ಅನಾಮತ್ತಾಗಿ ಎತ್ತಿ ಗಾಡಿಯ ಮೇಲೆ ಕೂರಿಸಿದರು. ನೀರಿನ ಕ್ಯಾನು, ನನ್ನ ಚೀಲ, ಲಾರೇ ಶೂ, ಯಾರದೋ ಕೋಟು, ಸಿಕ್ಕಿದ್ದೆಲ್ಲ ಬಾಚಿಕೊಂಡರು. ಎಲ್ಲವನ್ನೂ ಹೇರಿಕೊಂಡು ಗಾಡಿಯನ್ನು ಒಬ್ಬರೇ ಎಳೆದುಕೊಂಡು ಇಳಿಯತೊಡಗಿದರು, ನಾವೆಲ್ಲ ನಗುತ್ತ ಹಿಂದೆ. "ಈ ಗಾಡಿ ನೂರು ಸಲ ಎಳೆದಿದೀನಿ," ಎಂದು ರಾಘುವಿಗೆ ಹೇಳುತ್ತಿದ್ದರು. "ಇವತ್ತಿನಷ್ಟು ಸುಸ್ತು ಯಾವತ್ತೂ ಆಗಿರಲಿಲ್ಲ." ಚೀಲ ಹೋದದ್ದಕ್ಕೆ ನಾನು ಬಾಯಿ ತೆರೆಯಲಿಲ್ಲ. ಅವರ ಸಂತೋಷಕ್ಕೆ ಅಡ್ಡ ಬರುವ ಮನಸ್ಸಾಗಲಿಲ್ಲ.

ಲಾರೇ ಮಂಡಿಯ ಆಪರೇಷನ್ ಚೆನ್ನಾಗಿಯೇ ಆಯಿತು. ಕೈಕೊಟ್ಟದ್ದು ವರ್ನ್ ಕಣ್ಣು. ಡ್ರೈವ್ ಮಾಡಕೂಡದು ಎಂದು ಡಾಕ್ಟರು ಹೇಳಿದ ಮೇಲೆ, ಐಡಾಹೋದಲ್ಲಿದ್ದ ಅವರ ಮಗಳು ಹಟ ಹಿಡಿದು ತನ್ನ ಮನೆಗೆ ಕರೆಸಿಕೊಂಡಳು. ಈ ವರ್ಷ ಮೇ ತಿಂಗಳ ಒಂದು ಬೆಳಿಗ್ಗೆ ಸಾಮಾನೆಲ್ಲ ಮುಂದೆ ಹೋಗಿತ್ತು, ಉಳಿದದ್ದು ಅವರ ಪಿಕಪ್ಪು ಮತ್ತು ಹಿಂದೆ ಕಟ್ಟಿದ ಟ್ರೇಲರ್‌. ಐವತ್ತು ಚಿಲ್ಲರೆ ವರ್ಷ ಅವರ ಮನೆಯಲ್ಲಿ ಸ್ಟೀರಿಂಗ್ ಹಿಡಿದದ್ದು ವರ್ನ್. ಅವತ್ತು ಲಾರೇ ಹತ್ತಿ ಕೂತರು. ಅವರ ಮನೆಯ ಮುಂದಿನ ಇಳಿಜಾರಿನಿಂದ ಟ್ರೇಲರನ್ನು ಹಿಮ್ಮುಖವಾಗಿ ಬೀದಿಗೆ ಇಳಿಸಿ ತಿರುಗಿಸಬೇಕು. ಒಂಬತ್ತು ಮನೆಯವರೂ ಹೊರಗೆ ಬಂದು ನಿಂತಿದ್ದರು. ನಾನು ಕಷಾಯದ ಪುಡಿಯ ಎರಡು ಡಬ್ಬಿ ಕಿಟಕಿಯಲ್ಲಿ ಕೊಟ್ಟು ಹಿಂದೆ ಸರಿದೆ.

ಟ್ರೇಲರ್‌ ಎಡಕ್ಕೆ ಹೊರಳಿತು. ಮುಂದೆ ಬಂದು ಮತ್ತೆ ಹಿಂದೆ. ಈಗ ಬಲಕ್ಕೆ, ನಮ್ಮ ಹಸಿರು ಡಬ್ಬ ಉರುಳಿತು. ರಾಘುವಿಗೆ ತಡೆಯಲಾಗಲಿಲ್ಲ. ನಮ್ಮೂರ ಬಸ್ಸಿನ ಹಿಂದೆ ನಿಂತ ಕಂಡಕ್ಟರ್‌ನಂತೆ ಕೈಬೀಸುತ್ತ, "ಬರ್ಲಿ, ಬರ್ಲಿ, ರೈಟ್ ರೈಟ್," ಎಂದು ಎರಡು ಹೆಜ್ಜೆ ಓಡಿದ.

ಯಾರೋ ಅವನ ತೋಳು ಹಿಡಿದರು. ತಿರುಗಿ ನೋಡಿದರೆ ವರ್ನ್. ಇನ್ನೊಂದು ಕೈಯಲ್ಲಿ ಆ ನಾರುನಾರು ಟೋಪಿ.

"ಬಿಡಿ," ಎಂದರು.

ರಾಘು ಒಂದು ಕ್ಷಣ ಅವರ ಮುಖ ನೋಡಿದ. ಆಮೇಲೆ ತನ್ನ ಕ್ಯಾಪು ತೆಗೆದು ಪಕ್ಕಕ್ಕೆ ಬಂದು ನಿಂತ. ಎದುರು ಮನೆಯವನಿಗೆ ಏನು ಅರ್ಥವಾಯಿತೋ, ಅವನೂ ತೆಗೆದ. ಮೂವರು ಗಂಡಸರು ಹುಲ್ಲಿನ ಮೇಲೆ ಮಾತಿಲ್ಲದೆ ನಿಂತರು. ಲಾರೇ ಇನ್ನೂ ಎರಡು ಸಲ ಮುಂದೆ ಹಿಂದೆ ಮಾಡಿದರು. ಕೊನೆಗೆ ಟ್ರೇಲರ್‌ ನೆಟ್ಟಗೆ ಬೀದಿಗೆ ಬಂದು ನಿಂತಿತು. ಗಾಜು ಇಳಿಯಿತು.

"ಈಗ ಬಾ."

ವರ್ನ್ ಹೊರಟರು. ನಾಲ್ಕು ಹೆಜ್ಜೆ ಹೋಗಿ ಹಿಂದಿರುಗಿ ಬಂದು, ಬಿದ್ದಿದ್ದ ನಮ್ಮ ಹಸಿರು ಡಬ್ಬವನ್ನು ತಡವಿ ಎತ್ತಿದರು. ಗ್ಯಾರೇಜಿನವರೆಗೆ ಎಳೆದುಕೊಂಡು ಹೋಗಿ ನಿಲ್ಲಿಸಿದರು, ಹಿಡಿಕೆ ಮನೆಯ ಕಡೆಗೆ. ನಾನು ಬೇಡ ಅನ್ನಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ, "ಥ್ಯಾಂಕ್ಸ್ ವರ್ನ್," ಅಂದೆ. ಲಾರೇ ಹಾರ್ನ್ ಒತ್ತಿದರು.

ಮುಂದಿನ ಮಂಗಳವಾರ ನಾನು ಆಫೀಸಿನಿಂದ ಬಂದಾಗ ಸಂಜೆ ಐದೂವರೆ. ಅವರ ಮನೆಯ ಮೂರು ಕಳೆದು ಉಳಿದ ಇಪ್ಪತ್ತನಾಲ್ಕು ಡಬ್ಬಗಳೂ ಬೆಳಿಗ್ಗೆ ಲಾರಿಯವನು ಬಿಟ್ಟಲ್ಲೇ ಅಡ್ಡಾದಿಡ್ಡಿ ನಿಂತಿದ್ದವು. ಯಾರಿಗೂ ನೆನಪಿರಲಿಲ್ಲ, ಅವು ತಾವಾಗಿಯೇ ಒಳಗೆ ಹೋಗುತ್ತವೆ ಎಂದು ಎಲ್ಲರೂ ಅಂದುಕೊಂಡಿದ್ದೆವೋ ಏನೋ. ಬ್ಯಾಗನ್ನು ಮೆಟ್ಟಿಲ ಮೇಲಿಟ್ಟು ತುದಿಯ ಮನೆಯಿಂದ ಎಳೆಯಲು ಶುರು ಮಾಡಿದೆ. ಏಳನೆಯದಕ್ಕೆ ತೋಳು ನೋಯತೊಡಗಿತು. ತಲೆಯೆತ್ತಿದರೆ ರಾಘು ನಮ್ಮ ಹುಲ್ಲಿನ ಮೇಲೆ ಕ್ಯಾಪು ಕೈಯಲ್ಲಿ ಹಿಡಿದು ನೆಟ್ಟಗೆ ನಿಂತಿದ್ದ, ನಗು ತಡೆದುಕೊಂಡು.

ಇನ್ನೂ ಎರಡು ಡಬ್ಬ ನಾನೇ ಎಳೆದೆ. ಆಮೇಲೆ, "ಸಾಕು, ಈಗ ಬಾ," ಅಂದೆ.